ಸೆಂಟ್ ಆರಿಸುವುದು ಹೇಗೆ? ಹುಬ್ಬಳ್ಳಿ-ಧಾರವಾಡದ ಹವೆಗೆ ಒಂದು ಸಮಗ್ರ ಮಾರ್ಗದರ್ಶಿ

ಅಂಗಡಿಯವರು ಬಿಳಿ ಕಾಗದದ ಪಟ್ಟಿಗೆ ಒಮ್ಮೆ ಸೆಂಟ್ ಹೊಡೆದು ನಮ್ಮ ಮೂಗಿನ ಹತ್ತಿರ ಹಿಡಿಯುತ್ತಾರೆ. ಘಮ್ ಅನ್ನುತ್ತದೆ. ಎರಡೇ ನಿಮಿಷದಲ್ಲಿ ಬಿಲ್ ಆಗಿಬಿಡುತ್ತದೆ. ಮರುದಿನ ಹೊಡೆದುಕೊಂಡು ಹೊರಟರೆ, ಮಧ್ಯಾಹ್ನದ ಹೊತ್ತಿಗೆ ಒಂದೋ ವಾಸನೆಯೇ ಇರುವುದಿಲ್ಲ, ಇಲ್ಲವೇ ಅಂಗಡಿಯಲ್ಲಿ ಮೂಸಿದ್ದಕ್ಕೂ ಇದಕ್ಕೂ ಸಂಬಂಧವೇ ಇರುವುದಿಲ್ಲ. ಮೋಸ ಹೋದೆವು ಅನ್ನಿಸುತ್ತದೆ. ಬಹಳ ಸಲ ಅದು ಮೋಸ ಅಲ್ಲ, ಸೆಂಟ್ ಇರುವುದೇ ಹಾಗೆ. ಮೊದಲ ಹತ್ತು ನಿಮಿಷದ ವಾಸನೆ ಬೇರೆ, ಮೂರನೇ ತಾಸಿನ ವಾಸನೆ ಬೇರೆ. ದಿನವೆಲ್ಲ ನಿಮ್ಮ ಜೊತೆ ಇರುವುದು ಎರಡನೆಯದು. ದುಡ್ಡು ಕೊಡಬೇಕಾದದ್ದು ಅದನ್ನು ನೋಡಿ.

ಶೀಶೆಯೊಳಗೆ ಏನಿದೆ?

ಸ್ಪ್ರೇ ಸೆಂಟಿನಲ್ಲಿ ಬಹುಪಾಲು ಆಲ್ಕೋಹಾಲ್. ಸುಗಂಧದ ಎಣ್ಣೆಗಳು ಅದರಲ್ಲಿ ಕರಗಿರುತ್ತವೆ. ಮೈಗೆ ಬಿದ್ದ ಕೂಡಲೇ ಆಲ್ಕೋಹಾಲ್ ಆರಿಹೋಗುತ್ತದೆ. ಆಮೇಲೆ ಎಣ್ಣೆಗಳು ಒಂದೊಂದಾಗಿ ಗಾಳಿಗೆ ಏಳುತ್ತವೆ. ಹಗುರವಾದವು ಮೊದಲು, ಭಾರವಾದವು ಕೊನೆಗೆ.

ನಿಂಬೆ, ಕಿತ್ತಳೆ, ಬರ್ಗಮಾಟ್‌ನಂಥವು ಹದಿನೈದು ಇಪ್ಪತ್ತು ನಿಮಿಷದಲ್ಲಿ ಹಾರಿಹೋಗುತ್ತವೆ. ಇದಕ್ಕೆ ಟಾಪ್ ನೋಟ್ ಅನ್ನುತ್ತಾರೆ. ಹೂವು ಮತ್ತು ಮಸಾಲೆಯ ವಾಸನೆಗಳು ಎರಡು ಮೂರು ತಾಸು ನಡೆಯುತ್ತವೆ. ಇವು ಮಿಡಲ್ ನೋಟ್. ಗಂಧ, ಲಾವಂಚ, ಪಚೌಲಿ ಎಂಬ ಸೊಪ್ಪು, ಲೋಬಾನ, ವೆನಿಲಾ, ಕಸ್ತೂರಿ ಜಾತಿಯವು ತಳದಲ್ಲಿ ಕೂತು ಸಂಜೆಯವರೆಗೂ ಇರುತ್ತವೆ. ಇವು ಬೇಸ್ ನೋಟ್. ಅಂಗಡಿಯ ಕಾಗದದ ಪಟ್ಟಿಯಲ್ಲಿ ನಮ್ಮನ್ನು ಮರುಳು ಮಾಡುವುದು ಹೆಚ್ಚಾಗಿ ಟಾಪ್ ನೋಟ್. ತಯಾರಿಸುವವರಿಗೂ ಅದು ಗೊತ್ತು. ಹಾಗಾಗಿ ಮೊದಲ ಹತ್ತು ನಿಮಿಷಕ್ಕೇ ಜಾಸ್ತಿ ಮೆರುಗು ಕೊಟ್ಟ ಸೆಂಟುಗಳು ಬೇಕಾದಷ್ಟಿವೆ.

ಇನ್ನು ಶೀಶೆಯ ಮೇಲಿನ ಇಡಿಪಿ, ಇಡಿಟಿ ಎಂಬ ಅಕ್ಷರಗಳು. ಅವು ಎಣ್ಣೆಯ ಪ್ರಮಾಣದ ಲೆಕ್ಕ. ಓ ದ ಕಲೋನ್‌ನಲ್ಲಿ ಸುಮಾರು 2ರಿಂದ 5 ಶೇಕಡ, ಓ ದ ಟಾಯ್ಲೆಟ್ ಅಂದರೆ ಇಡಿಟಿಯಲ್ಲಿ 5ರಿಂದ 15, ಓ ದ ಪರ್ಫ್ಯೂಮ್ ಅಂದರೆ ಇಡಿಪಿಯಲ್ಲಿ 15ರಿಂದ 20, ಬರೀ ಪರ್ಫ್ಯೂಮ್ ಅಥವಾ ಎಕ್ಸ್‌ಟ್ರೇ ಅಂತ ಇದ್ದರೆ 20ಕ್ಕೂ ಮೇಲೆ. ಇವು ಅಂದಾಜು ಅಂಕಿ. ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಇಡಿಪಿ ಅಂದ ಮಾತ್ರಕ್ಕೆ ಜಾಸ್ತಿ ಹೊತ್ತು ಇರುತ್ತದೆ ಅನ್ನುವ ಹಾಗೂ ಇಲ್ಲ. ನಿಂಬೆ ಜಾತಿಯ ಇಡಿಪಿಗಿಂತ ಗಂಧ ಜಾತಿಯ ಇಡಿಟಿ ಹೆಚ್ಚು ಹೊತ್ತು ನಿಲ್ಲಬಹುದು. ಒಳಗೆ ಎಷ್ಟು ಎಣ್ಣೆ ಇದೆ ಅನ್ನುವಷ್ಟೇ ಯಾವ ಎಣ್ಣೆ ಇದೆ ಅನ್ನುವುದೂ ಮುಖ್ಯ.

ಡಿಯೋ, ಬಾಡಿ ಮಿಸ್ಟ್ ಇವುಗಳಲ್ಲಿ ಎಣ್ಣೆ ಇನ್ನೂ ಕಡಿಮೆ. ಬೆವರಿನ ವಾಸನೆ ತಡೆಯಲು ಡಿಯೋ ಸರಿ, ಸೆಂಟಿನ ಕೆಲಸ ಅದರಿಂದ ಆಗದು.

ಮೊದಲ ಹೆಜ್ಜೆ: ಮೂಗಿಗೆ ಪಾಠ

ಪರ್ಫ್ಯೂಮ್ ಅಂಗಡಿಗೆ ಹೋಗುವ ಮುಂಚೆ ಒಂದು ಮುಂಜಾನೆ ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಗೆ ಹೋಗಿ. ಗದಗಿನವರಿಗೆ, ಹಾವೇರಿಯವರಿಗೆ ಅವರವರ ಪೇಟೆ ಇದೆ. ಹೂವಿನವರು, ಕಿರಾಣಿ ಅಂಗಡಿ, ಪೂಜಾ ಸಾಮಾನಿನ ಅಂಗಡಿ, ಇಷ್ಟು ಸಾಕು. ಜಗತ್ತಿನ ದುಬಾರಿ ಸೆಂಟುಗಳ ಅರ್ಧ ಸಾಮಾನು ಅಲ್ಲೇ ಇದೆ. ನಾವು ಅದನ್ನು ಸೆಂಟ್ ಅಂತ ಮೂಸಿಲ್ಲ, ಅಷ್ಟೆ.

ಮಲ್ಲಿಗೆಯಿಂದ ಶುರು ಮಾಡಿ. ಗದಗದಿಂದ ತುಂಗಭದ್ರೆ ದಾಟಿದರೆ ಹೂವಿನಹಡಗಲಿ. ಅಲ್ಲಿನ ಮಲ್ಲಿಗೆಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಮೊಗ್ಗನ್ನು ಕಣ್ಣು ಮುಚ್ಚಿ ನಿಧಾನವಾಗಿ ಮೂಸಿ. ಸಿಹಿಯ ಕೆಳಗೆ ಸ್ವಲ್ಪ ಕಮಟು ಇದೆ, ಅಲ್ವಾ? ಅದಕ್ಕೆ ಒಂದು ಕಾರಣ ಇಂಡೋಲ್ ಎಂಬ ಅಂಶ. ಅದೊಂದನ್ನೇ ದಟ್ಟವಾಗಿ ಮೂಸಿದರೆ ಹೊಲಸು ವಾಸನೆ. ಹೂವಿನೊಳಗೆ ಚೂರು ಇದ್ದರೆ ಹೂವಿಗೆ ಜೀವ. ಅಗ್ಗದ ಮಲ್ಲಿಗೆ ಸೆಂಟು ಸಾಬೂನಿನ ಹಾಗೆ ಅನ್ನಿಸುವುದು ಈ ಕಮಟನ್ನು ಪೂರ್ತಿ ತೆಗೆದುಹಾಕಿದಾಗ.

ಆಮೇಲೆ ದವನ. ಚೈತ್ರದ ದವನದ ಹುಣ್ಣಿಮೆಯ ಸುಮಾರಿಗೆ ದವನ ನಮಗೆಲ್ಲ ನೆನಪಾಗುತ್ತದೆ. ಆದರೆ ದವನದ ಎಣ್ಣೆ ಕರ್ನಾಟಕ ಮತ್ತು ಅಕ್ಕಪಕ್ಕದ ರಾಜ್ಯಗಳಿಂದಲೇ ಹೊರದೇಶದ ಪರ್ಫ್ಯೂಮ್ ಕಂಪನಿಗಳಿಗೆ ಹೋಗುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಒಬ್ಬೊಬ್ಬರ ಮೈಮೇಲೆ ಅದು ಒಂದೊಂದು ರೀತಿ ಘಮಿಸುತ್ತದೆ ಅನ್ನುವ ಮಾತು ಆ ವ್ಯಾಪಾರದಲ್ಲಿ ಹಳೆಯದು. ಹಣ್ಣಿನ ಸಿಹಿ, ಒಣ ಸೊಪ್ಪು, ಸ್ವಲ್ಪ ಮದ್ಯದ ವಾಸನೆ ಎಲ್ಲ ಒಟ್ಟಿಗೆ ಸಿಗುತ್ತದೆ.

ಕಿರಾಣಿಯಲ್ಲಿ ಏಲಕ್ಕಿ, ಲವಂಗ, ಚಕ್ಕೆ, ಜಾಯಿಕಾಯಿ ಕೇಳಿ. ಹಾವೇರಿಯ ಏಲಕ್ಕಿ ಹಾರ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಏಲಕ್ಕಿಯಲ್ಲಿ ತಂಪೂ ಇದೆ, ಬಿಸಿಯೂ ಇದೆ. ಗಂಡಸರ ಎಷ್ಟೋ ಸೆಂಟುಗಳ ಆರಂಭದಲ್ಲಿ ಅದು ಬರುತ್ತದೆ. ಪೂಜಾ ಸಾಮಾನಿನ ಅಂಗಡಿಯಲ್ಲಿ ಲೋಬಾನ, ಗಂಧದ ಕೊರಡು, ಲಾವಂಚದ ಬೇರು, ಕರ್ಪೂರ ಸಿಗುತ್ತವೆ. ಲೋಬಾನದ ಆ ಸಿಹಿ ಹೊಗೆಯ ವಾಸನೆ ಗೊತ್ತಾದರೆ, ಅಂಗಡಿಯವರು ಆಂಬರ್ ಅಥವಾ ಓರಿಯೆಂಟಲ್ ಅಂದಾಗ ಏನನ್ನು ಹೇಳುತ್ತಿದ್ದಾರೆ ಅಂತ ತಾನೇ ತಿಳಿಯುತ್ತದೆ. ಲೈನ್ ಬಜಾರಿನಲ್ಲಿ ಧಾರವಾಡ ಪೇಡೆ ತಿನ್ನುವ ಮುಂಚೆ ಒಮ್ಮೆ ಮೂಸಿ ನೋಡಿ. ಖೋವಾ, ಸಕ್ಕರೆ ಎರಡೂ ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿದ ವಾಸನೆ ಅದು. ಈಗ ಹುಡುಗ ಹುಡುಗಿಯರು ಇಷ್ಟಪಡುವ ಸಿಹಿತಿಂಡಿ ಜಾತಿಯ ಸೆಂಟುಗಳಿಗೆ ಗೂರ್ಮಾಂಡ್ ಅಂತ ಹೆಸರು. 1992ರಲ್ಲಿ ಬಂದ ಏಂಜಲ್ ಎಂಬ ಸೆಂಟಿನಿಂದ ಈ ಜಾತಿ ಜೋರಾಯಿತು. ಅದರಲ್ಲಿ ಕರಗಿದ ಸಕ್ಕರೆಯ ವಾಸನೆ ಕೊಡುವ ಇಥೈಲ್ ಮಾಲ್ಟಾಲ್ ಧಾರಾಳವಾಗಿ ಇದೆ.

ಕಟಿಂಗ್ ಅಂಗಡಿಯ ಶೇವಿಂಗ್ ಕ್ರೀಮಿನ ವಾಸನೆ ಎಲ್ಲರಿಗೂ ಪರಿಚಯ. ಅದರಲ್ಲಿ ಬರುವ ಲ್ಯಾವೆಂಡರ್, ಮರದ ಪಾಚಿ, ಒಣಹುಲ್ಲಿನ ವಾಸನೆಯ ಕೂಮರಿನ್, ಈ ಮೂರರ ಜೋಡಿಗೆ ಫೂಜೇರ್ ಅನ್ನುತ್ತಾರೆ. 1882ರಲ್ಲಿ ಹೂಬಿಗಾಂ ಕಂಪನಿ ತಂದ ಫೂಜೇರ್ ರೊಯಾಲ್ ಈ ಜಾತಿಯ ಮೂಲ. ಪ್ರಯೋಗಾಲಯದಲ್ಲಿ ತಯಾರಾದ ಕೂಮರಿನ್ ಬಳಸಿದ ಮೊದಲ ಸೆಂಟುಗಳಲ್ಲಿ ಅದೂ ಒಂದು. ಅಲ್ಲಿಂದ ಈಚೆಗೆ ಸೆಂಟಿನಲ್ಲಿ ರಾಸಾಯನಿಕ ಇರುವುದು ಮಾಮೂಲು. ಅದನ್ನು ಕೇಳಿ ಹೆದರಬೇಕಾಗಿಲ್ಲ.

ಈ ಸುತ್ತಾಟದಿಂದ ಬರುವ ಲಾಭ ಒಂದೇ. ಅಂಗಡಿಯಲ್ಲಿ "ಚಲೋದು ಕೊಡ್ರಿ" ಅನ್ನುವ ಬದಲು "ನಿಂಬಿ ಬ್ಯಾಡ, ಲಾವಂಚದಂಥಾದ್ದು ತೋರಸ್ರಿ" ಅನ್ನಲು ಬರುತ್ತದೆ. ಅಷ್ಟಾದರೆ ಅರ್ಧ ಕೆಲಸ ಮುಗಿಯಿತು.

ಅತ್ತರು ಬೇಕೋ, ಸ್ಪ್ರೇ ಬೇಕೋ?

ರಂಜಾನ್ ತಿಂಗಳಲ್ಲಿ ಹುಬ್ಬಳ್ಳಿಯ ಷಾ ಬಜಾರ್ ಕಡೆ ಹೋದರೆ ಅತ್ತರಿನ ಪುಟ್ಟ ಶೀಶೆಗಳ ಸಾಲು ಕಾಣುತ್ತದೆ. ಅತ್ತರಿನಲ್ಲಿ ಆಲ್ಕೋಹಾಲ್ ಇಲ್ಲ, ಬರೀ ಎಣ್ಣೆ. ಮೈಗೆ ಹತ್ತಿರ ಕೂರುತ್ತದೆ, ದೂರ ಹಾರುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಮಾತ್ರ ಗೊತ್ತಾಗುತ್ತದೆ. ನನಗೆ ಆ ಸ್ವಭಾವವೇ ಇಷ್ಟ. ಆದರೆ ಕೋಣೆಗೆ ಕಾಲಿಟ್ಟ ಕೂಡಲೇ ನಾಲ್ಕು ಜನ ತಿರುಗಿ ನೋಡಬೇಕು ಅನ್ನುವವರಿಗೆ ಸ್ಪ್ರೇನೇ ಸರಿ.

ಉತ್ತರ ಪ್ರದೇಶದ ಕನೌಜ್ ಅತ್ತರಿನ ಊರು. ಅಲ್ಲಿ ದೇಗ್-ಭಪ್ಕಾ ಎಂಬ ಹಳೆಯ ಪದ್ಧತಿ ಇನ್ನೂ ಇದೆ. ತಾಮ್ರದ ಹಂಡೆಯಲ್ಲಿ ಹೂ, ನೀರು ಹಾಕಿ ಸೌದೆಯ ಉರಿಯಲ್ಲಿ ಕಾಯಿಸುತ್ತಾರೆ. ಆ ಹಬೆ ಬಿದಿರಿನ ಕೊಳವೆಯಲ್ಲಿ ಹಾದು ಇನ್ನೊಂದು ಪಾತ್ರೆಯಲ್ಲಿರುವ ಗಂಧದೆಣ್ಣೆಯೊಳಗೆ ಇಳಿಯುತ್ತದೆ. ಹೂವಿನ ಪರಿಮಳವನ್ನು ಗಂಧ ಹಿಡಿದಿಟ್ಟುಕೊಳ್ಳುತ್ತದೆ. ಸುಟ್ಟ ಮಣ್ಣಿನಿಂದಲೂ ಅತ್ತರು ಇಳಿಸುತ್ತಾರೆ. ಗದಗ ಸೀಮೆಯ ಎರೆಹೊಲದ ಮೇಲೆ ಮೊದಲ ಮಳೆ ಬಿದ್ದಾಗಿನ ವಾಸನೆ ಇಷ್ಟಪಡುವವರು ಈ ಮಿಟ್ಟಿ ಅತ್ತರನ್ನು ಒಮ್ಮೆಯಾದರೂ ಮೂಸಬೇಕು. ಮಳೆಯ ಮಣ್ಣಿನ ಆ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಅದು ತೀರಾ ಅತ್ಯಲ್ಪ ಇದ್ದರೂ ಮನುಷ್ಯರ ಮೂಗಿಗೆ ಗೊತ್ತಾಗುತ್ತದೆ.

ಈಗ ಬೆಲೆಯ ಮಾತು. ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರರಿಂದ ಐದು ಟನ್ ಹೂ ಬೇಕು. ಗಂಧದೆಣ್ಣೆಯ ಬೆಲೆಯಂತೂ ಕೇಳುವುದೇ ಬೇಡ. ಹೀಗಿರುವಾಗ 150 ರೂಪಾಯಿಗೆ 6 ಎಂಎಲ್ "ಅಸಲಿ ಗುಲಾಬಿ ಅತ್ತರು" ಸಿಗುವುದು ಸಾಧ್ಯವಿಲ್ಲ. ಅದರಲ್ಲಿ ಇರುವುದು ಸಿಂಥೆಟಿಕ್ ಸುಗಂಧ, ಬೆರೆಸಿದ ಬೇರೆ ಎಣ್ಣೆ. ಅದು ಕೆಟ್ಟದ್ದು ಅಂತಲ್ಲ. ಇಷ್ಟವಾದರೆ ತಗೊಳ್ಳಿ, ಆದರೆ 150 ರೂಪಾಯಿಯ ವಸ್ತು ಅಂತ ತಿಳಿದು ತಗೊಳ್ಳಿ. ಊದ್ ವಿಷಯವೂ ಹಾಗೇ. ಅಗರ್ ಮರಕ್ಕೆ ಶಿಲೀಂಧ್ರ ತಗಲಿ ಒಳಗೆ ರಾಳ ತುಂಬಿದಾಗ ಸಿಗುವ ಕಟ್ಟಿಗೆಯಿಂದ ಬರುವ ಎಣ್ಣೆ ಅದು. ನಮ್ಮಲ್ಲಿ ಅಸ್ಸಾಂ ಅದಕ್ಕೆ ಹೆಸರುವಾಸಿ. ನೂರಿನ್ನೂರಕ್ಕೆ ಬರುವುದಿಲ್ಲ. ಇನ್ನು ಯಾರಾದರೂ "ನಿಜವಾದ ಕಸ್ತೂರಿ" ಅಂದರೆ ಸುಮ್ನೆ ಎದ್ದು ಬನ್ನಿ. ಕಸ್ತೂರಿ ಮೃಗಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಆ ಮಾತು ಸುಳ್ಳಾದರೆ ಮೋಸ, ನಿಜವಾದರೆ ಅಪರಾಧ. ಇವತ್ತು ಸೆಂಟುಗಳಲ್ಲಿ ಮಸ್ಕ್ ಅಂತ ಬರುವುದು ಪ್ರಯೋಗಾಲಯದ ಮಾಲು.

ಅಳತೆಯಲ್ಲಿ ಗೊಂದಲ ಆಗದಿರಲಿ. ಒಂದು ತೊಲ ಅಂದರೆ ಸುಮಾರು 11.66 ಗ್ರಾಂ. ಅತ್ತರಿನವರು ಅದನ್ನು 12 ಎಂಎಲ್ ಶೀಶೆಯ ಲೆಕ್ಕದಲ್ಲಿ ಕೊಡುವುದು ರೂಢಿ. ಮೊದಲ ಸಲ 3 ಎಂಎಲ್ ಸಾಕು.

ಅಂಗಡಿಯಲ್ಲಿ ಪರೀಕ್ಷೆ

ಇದೇ ಇಡೀ ಕೆಲಸದ ನಡುಮನೆ. ಇಲ್ಲಿ ಅವಸರ ಬೇಡ.

1. ಆ ದಿನ ಮೈಮೇಲೆ ಬೇರೆ ಸೆಂಟ್ ಬೇಡ. ನೆಗಡಿ ಇದ್ದರೆ ಹೋಗಲೇಬೇಡಿ. ಗಿರ್ಮಿಟ್ಟು-ಮಿರ್ಚಿ ತಿಂದ ಕೈಯಲ್ಲಿ ಉಳ್ಳಾಗಡ್ಡಿ ವಾಸನೆ ಇರುತ್ತದೆ. ಅದನ್ನು ಅಂಗಡಿಯಿಂದ ಹೊರಬಿದ್ದ ಮೇಲೆ ತಿನ್ನಿ.

2. ಮೊದಲು ಕಾಗದದ ಪಟ್ಟಿ. ಐದಾರು ಸೆಂಟಿಗಿಂತ ಜಾಸ್ತಿ ಬೇಡ, ಮೂಗು ಸೋತುಹೋಗುತ್ತದೆ. ಪಟ್ಟಿಯ ಮೇಲೆ ಹೆಸರು ಬರೆದುಕೊಳ್ಳಿ. ಹೊಡೆದ ಕೂಡಲೇ ಮೂಸಿದರೆ ಆಲ್ಕೋಹಾಲೇ ಹೊಡೆಯುತ್ತದೆ, ಅರ್ಧ ನಿಮಿಷ ಬಿಡಿ. ನಡುವೆ ಕಾಫಿ ಬೀಜ ಮೂಸಲು ಕೊಡುತ್ತಾರೆ. ಅದರಿಂದ ವಿಶೇಷ ಲಾಭ ಏನಿಲ್ಲ. ಹೊರಗೆ ಹೋಗಿ ಗಾಳಿ ತಗೊಂಡು ಬನ್ನಿ. ಆಗದಿದ್ದರೆ ಸೆಂಟ್ ತಾಗದ ನಿಮ್ಮದೇ ಅಂಗಿಯ ತೋಳು ಮೂಸಿ.

3. ಇಷ್ಟವಾದ ಎರಡನ್ನು ಮಾತ್ರ ಮೈಗೆ ಹಾಕಿಸಿಕೊಳ್ಳಿ. ಎಡ ಮುಂಗೈಗೆ ಒಂದು, ಬಲಕ್ಕೆ ಒಂದು. ಮೂರನೆಯದು ಬಂದರೆ ಯಾವುದು ಯಾವುದೋ ಗೊತ್ತಾಗುವುದಿಲ್ಲ. ಕಾಗದಕ್ಕೆ ಬಿಸಿ ಇಲ್ಲ, ಬೆವರಿಲ್ಲ, ಜಿಡ್ಡಿಲ್ಲ. ನಿಮ್ಮ ಚರ್ಮಕ್ಕೆ ಮೂರೂ ಇದೆ. ಅದಕ್ಕೇ ಗೆಳೆಯನ ಮೈಮೇಲೆ ಚೆನ್ನಾಗಿದ್ದ ಸೆಂಟು ನಿಮಗೆ ಹೊಂದದೇ ಇರಬಹುದು.

4. ಕೊಳ್ಳದೆ ಹೊರಗೆ ಬನ್ನಿ. ಬಹಳ ಜನಕ್ಕೆ ಕಷ್ಟ ಆಗುವ ಹೆಜ್ಜೆ ಇದು. ಕೊಪ್ಪೀಕರ್ ರಸ್ತೆಯ ಅಂಗಡಿ ಇರಲಿ, ಗೋಕುಲ ರೋಡಿನ ಮಾಲ್ ಇರಲಿ, ಮಾತು ಹೀಗೇ ನಡೆಯುತ್ತದೆ. "ಅಣ್ಣಾರ, ಎಷ್ಟೊತ್ತು ಇರ್ತದ್ರಿ ಇದು?" "ಎರಡು ದಿನಾ ಇರ್ತದ್ರಿ ಸರ್, ಅಂಗಿ ಒಗದ್ರೂ ಹೋಗಂಗಿಲ್ಲ!" ಸಂಕೋಚ ಬೇಡ. "ಒಂದೀಟು ನೋಡ್ಕೊಂಡ್ ಬರ್ತೀನ್ರಿ" ಅಂದರೆ ಯಾರೂ ಬೈಯುವುದಿಲ್ಲ.

5. ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ ಬನ್ನಿ. ಇಲ್ಲವೇ ಪೇಟೆಯ ಕೆಲಸ ಮುಗಿಸಿ. ಕಾಲು ತಾಸಾದ ಮೇಲೆ ಒಮ್ಮೆ, ಆಮೇಲೆ ಒಂದು ತಾಸಿಗೆ, ಮೂರು ತಾಸಿಗೆ, ಆರು ತಾಸಿಗೆ ಮೂಸಿ. ಪ್ರತಿ ಸಲ ಮೊಬೈಲಿನಲ್ಲಿ ಎರಡು ಪದ ಬರೆದಿಡಿ. "ಕಹಿ ಆಯ್ತು", "ಬರೀ ಪೌಡರ್", "ಈಗ ಚೆನ್ನಾಗಿದೆ" ಅನ್ನುವಂಥ ಮಾತು ಸಾಕು.

6. ಮೂರನೇ ತಾಸಿನಲ್ಲಿ ಮೂಗನ್ನು ಮತ್ತೆ ಮತ್ತೆ ಕೈಯತ್ತ ಒಯ್ದಿರಾ? ಆ ಸೆಂಟು ನಿಮ್ಮದು. ಮೊದಲ ಹತ್ತು ನಿಮಿಷ ಮಾತ್ರ ಇಷ್ಟವಾಗಿದ್ದರೆ ಬಿಟ್ಟುಬಿಡಿ, ಅದು ಎಷ್ಟೇ ದೊಡ್ಡ ಹೆಸರಿನದಾಗಿರಲಿ.

ಒಂದು ಎಚ್ಚರಿಕೆ. ಹಚ್ಚಿಕೊಂಡವರ ಮೂಗು ಬೇಗ ರೂಢಿಯಾಗುತ್ತದೆ. ಅರ್ಧ ತಾಸಿಗೆ "ಹೋಗೇಬಿಡ್ತು" ಅನ್ನಿಸುತ್ತದೆ, ಪಕ್ಕದವರಿಗೆ ಮಾತ್ರ ಚೆನ್ನಾಗಿ ಬರುತ್ತಿರುತ್ತದೆ. ಕೆಲವು ಮಸ್ಕ್‌ಗಳ ವಾಸನೆ ಕೆಲವರಿಗೆ ಹುಟ್ಟಿನಿಂದಲೇ ಗೊತ್ತಾಗುವುದಿಲ್ಲ. ಹಾಗಾಗಿ ಮನೆಯಲ್ಲಿ ಯಾರನ್ನಾದರೂ ಕೇಳಿ. ಅವ್ವನನ್ನು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ.

ನಮ್ಮ ಹವೆಗೆ ಯಾವುದು?

ವಾಸನೆ ಏಳುವುದು ಬಿಸಿಯಿಂದ. ಏಪ್ರಿಲ್ ಮಧ್ಯಾಹ್ನದ ಹುಬ್ಬಳ್ಳಿಯಲ್ಲಿ, ಗದಗದಲ್ಲಿ ಸೆಂಟು ಒಮ್ಮೆಲೇ ಭುಗ್ ಅಂತ ಎದ್ದು ಬೇಗ ಮುಗಿಯುತ್ತದೆ. ಸಿಹಿ, ವೆನಿಲಾ, ದಟ್ಟ ಊದ್ ಆ ಹೊತ್ತಿನಲ್ಲಿ ಬೆವರಿನ ಜೊತೆ ಸೇರಿ ತಲೆನೋವು ತರುತ್ತವೆ. ಬೇಸಿಗೆಗೆ ನಿಂಬೆ ಜಾತಿ, ಲಾವಂಚ, ಹಗುರ ಹೂ ಸಾಕು. 1709ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಶುರುವಾದ ಫರೀನಾ ಮನೆತನದ ಕಲೋನ್ ಜಾತಿ ಈ ಕೆಲಸಕ್ಕೆ ಚಲೋ. ಎರಡು ತಾಸಿಗೆ ಮುಗಿಯುತ್ತದೆ, ಮತ್ತೆ ಹಚ್ಚಿಕೊಂಡರಾಯಿತು. ನನ್ನನ್ನು ಕೇಳಿದರೆ ನಮ್ಮ ಬಿಸಿಲಿಗೆ ಲಾವಂಚಕ್ಕಿಂತ ಒಳ್ಳೆಯದು ಇಲ್ಲ. ತಂಪಾಗಿಯೂ ಇರುತ್ತದೆ, ತಳದ ಎಣ್ಣೆಯಾದ್ದರಿಂದ ನಿಲ್ಲುತ್ತದೆ ಕೂಡ.

ಧಾರವಾಡದ ಮಳೆಗಾಲದಲ್ಲಿ ಬಟ್ಟೆ ಸರಿಯಾಗಿ ಒಣಗುವುದಿಲ್ಲ. ಮುಗ್ಗಲು ವಾಸನೆಯ ಅಂಗಿಯ ಮೇಲೆ ಎಂಥ ಸೆಂಟೂ ಕೆಟ್ಟದೇ. ಮೊದಲು ಇಸ್ತ್ರಿ, ಆಮೇಲೆ ಸೆಂಟು. ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಚರ್ಮ ಬಿರಿಯುತ್ತದೆ. ಒಣ ಚರ್ಮದ ಮೇಲೆ ಸೆಂಟು ನಿಲ್ಲುವುದಿಲ್ಲ. ವಾಸನೆ ಇಲ್ಲದ ಕ್ರೀಮ್ ಅಥವಾ ವ್ಯಾಸಲೀನ್ ಸ್ವಲ್ಪ ಹಚ್ಚಿ ಅದರ ಮೇಲೆ ಹೊಡೆಯಿರಿ. ಗಂಧ, ಲೋಬಾನ, ಏಲಕ್ಕಿ, ವೆನಿಲಾ ಇವುಗಳ ಕಾಲ ಅದು. ಮದುವೆಗಳೂ ಆಗ ಜಾಸ್ತಿ.

ಚಿಗರಿಯಂಥ ಮುಚ್ಚಿದ ಎಸಿ ಬಸ್ಸಿನಲ್ಲಿ, ಆಫೀಸಿನಲ್ಲಿ, ಕ್ಲಾಸಿನಲ್ಲಿ ಎರಡು ಸಲಕ್ಕಿಂತ ಹೆಚ್ಚು ಒತ್ತಬೇಡಿ. ಆಸ್ಪತ್ರೆಗೆ ರೋಗಿ ನೋಡಲು ಹೋಗುವಾಗ ಬೇಡವೇ ಬೇಡ.

ಲೇಬಲ್, ನಕಲಿ, ದುಡ್ಡಿನ ಲೆಕ್ಕ

ಇಲ್ಲೇ ತಯಾರಾದ ಸೆಂಟಿನ ಡಬ್ಬಿಯ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಂಆರ್‌ಪಿ ಇರಬೇಕು. ಹೊರದೇಶದ್ದಾದರೆ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ನಂಬರ್ ಇರುವ ಚೀಟಿ ಅಂಟಿಸಿರುತ್ತಾರೆ. ಅದಿಲ್ಲದ "ಇಂಪೋರ್ಟೆಡ್" ಮಾಲನ್ನು ನಂಬಬೇಡಿ. ಡಬ್ಬಿಯ ಬ್ಯಾಚ್ ನಂಬರ್ ಮತ್ತು ಶೀಶೆಯ ತಳದ ನಂಬರ್ ಒಂದೇ ಇದೆಯಾ ನೋಡಿ. ಅಕ್ಷರ ತಪ್ಪು, ಓರೆಯಾದ ಮುಚ್ಚಳ, ಸೋರುವ ಪಂಪ್ ಕಂಡರೆ ಅನುಮಾನಪಡಿ. ಎಂಟು ಸಾವಿರದ ಸೆಂಟು ಫುಟ್‌ಪಾತಿನಲ್ಲಿ ಎಂಟುನೂರಕ್ಕೆ ಬಂದರೆ ಅದು ಫಸ್ಟ್ ಕಾಪಿ, ಅಂದರೆ ನಕಲಿ. ದೊಡ್ಡ ಬ್ರ್ಯಾಂಡಿನ ವಾಸನೆಯನ್ನು ಹೋಲುವ ಹಾಗೆ ಮಾಡಿ, ತಮ್ಮದೇ ಹೆಸರಿನಲ್ಲಿ ಮಾರುವ ಕಂಪನಿಗಳು ಬೇರೆ. ಅವುಗಳಲ್ಲಿ ಒಳ್ಳೆಯವೂ ಇವೆ. ನಕಲಿ ಹೆಸರು ಹಾಕಿ ಮಾರುವವರನ್ನು ಮಾತ್ರ ದೂರ ಇಡಿ. ಒಳಗೆ ಏನು ತುಂಬಿದ್ದಾರೋ, ಹಚ್ಚಿಕೊಳ್ಳುವುದು ನಿಮ್ಮ ಚರ್ಮಕ್ಕೆ.

ಬೆಲೆಯನ್ನು ಶೀಶೆಗೆ ನೋಡಬೇಡಿ, ದಿನಕ್ಕೆ ನೋಡಿ. ಒಂದು ಎಂಎಲ್‌ನಲ್ಲಿ ಸುಮಾರು ಹತ್ತು ಸಲ ಒತ್ತಬಹುದು. 2500 ರೂಪಾಯಿಯ 50 ಎಂಎಲ್ ಶೀಶೆಯಲ್ಲಿ ಸುಮಾರು 500 ಸಲ. ದಿನಕ್ಕೆ ನಾಲ್ಕು ಸಲ ಅಂದರೆ 125 ದಿನ, ದಿನಕ್ಕೆ 20 ರೂಪಾಯಿ. ಹೀಗೆ ಲೆಕ್ಕ ಹಾಕಿದರೆ 30 ಎಂಎಲ್‌ಗಿಂತ 100 ಎಂಎಲ್ ಅಗ್ಗ ಅಂತ ಕಾಣುತ್ತದೆ. ಆದರೆ ಮೊದಲ ಸೆಂಟು ಅಷ್ಟು ದೊಡ್ಡದು ಬೇಡ. ಅಸಲಿ ಶೀಶೆಯಿಂದ 5 ಅಥವಾ 10 ಎಂಎಲ್ ತುಂಬಿ ಕೊಡುವವರು ಆನ್‌ಲೈನಿನಲ್ಲಿ ಇದ್ದಾರೆ. ಕಂಪನಿಗಳೇ ಸಣ್ಣ ಟ್ರಯಲ್ ಪ್ಯಾಕ್ ಕೊಡುವುದೂ ಉಂಟು. ಒಂದು ತಿಂಗಳು ಅದನ್ನು ಬಳಸಿ. ಬೇಸರ ಬರದಿದ್ದರೆ ದೊಡ್ಡದು ತಗೊಳ್ಳಿ. ಬೇರೆಯವರಿಗೆ ಉಡುಗೊರೆ ಕೊಡುವಾಗಲೂ ಟ್ರಯಲ್ ಪ್ಯಾಕೇ ಕ್ಷೇಮ.

ಚರ್ಮ ಸೂಕ್ಷ್ಮ ಇದ್ದರೆ ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ಕಾಯಿರಿ. ಲೇಬಲಿನಲ್ಲಿ ಲಿನಲೂಲ್, ಲಿಮೊನೀನ್, ಜಿರಾನಿಯಾಲ್, ಸಿಟ್ರಾಲ್ ಅಂತ ಬರೆದಿದ್ದರೆ ಅವು ಕೆಲವರಿಗೆ ಅಲರ್ಜಿ ತರುವಂಥವು. ಹೂವು, ನಿಂಬೆಗಳಲ್ಲೂ ಇವು ಇರುತ್ತವೆ. ಹಾಗಾಗಿ "ನ್ಯಾಚುರಲ್" ಅಂದ ಮಾತ್ರಕ್ಕೆ ತುರಿಕೆ ಬರುವುದಿಲ್ಲ ಅನ್ನುವ ಗ್ಯಾರಂಟಿ ಇಲ್ಲ.

ಹಚ್ಚುವುದು, ಇಡುವುದು

ಸ್ನಾನ ಮಾಡಿ ಮೈ ಒರೆಸಿಕೊಂಡ ಮೇಲೆ, ಒಂದು ಗೇಣು ದೂರದಿಂದ ಹೊಡೆಯಿರಿ. ಕತ್ತಿನ ಪಕ್ಕ, ಎದೆ, ಮೊಣಕೈ ಒಳಬದಿ ಒಳ್ಳೆಯ ಜಾಗ. ಮಣಿಕಟ್ಟಿಗೆ ಹಚ್ಚಿ ಉಜ್ಜುವ ಅಭ್ಯಾಸ ಬಿಡಿ. ಉಜ್ಜಿದ ಬಿಸಿಗೆ ಮೇಲಿನ ಹಗುರ ವಾಸನೆ ಬೇಗ ಹಾರುತ್ತದೆ, ಬೇರೇನೂ ಲಾಭ ಇಲ್ಲ. ಶೇವಿಂಗ್ ಆದ ಕೂಡಲೇ ಗದ್ದಕ್ಕೆ ಬೇಡ, ಉರಿಯುತ್ತದೆ. ಬರ್ಗಮಾಟ್ ಎಣ್ಣೆ ಇರುವುದನ್ನು ಬಿಸಿಲು ಬೀಳುವ ಚರ್ಮಕ್ಕೆ ಹಚ್ಚಿಕೊಂಡರೆ ಕಪ್ಪು ಕಲೆ ಆಗಬಹುದು. ಹೊಲಕ್ಕೆ, ಸೈಟಿಗೆ ಹೋಗುವವರು ಅಂಗಿಯ ಒಳಗೆ ಹೊಡೆದುಕೊಳ್ಳಲಿ.

ಹತ್ತಿ ಬಟ್ಟೆಯಲ್ಲಿ ಸೆಂಟು ಮೈಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ, ಜರಿಗೆ, ಮುತ್ತಿನ ಸರಕ್ಕೆ ನೇರವಾಗಿ ಬೇಡ. ಕಲೆಯಾಗುತ್ತದೆ, ಹೊಳಪು ಹೋಗುತ್ತದೆ. ಸೀರೆ ಉಡುವ ಮುಂಚೆ ಮೈಗೆ ಹಚ್ಚಿ, ಆರಲು ಬಿಟ್ಟು, ಆಮೇಲೆ ಉಡಿ. ಅತ್ತರಂತೂ ಎಣ್ಣೆ, ಬಟ್ಟೆಗೆ ತಾಗಿದರೆ ಜಿಡ್ಡು ಕಲೆ ಖಂಡಿತ. ಹಳೆಯ ಕಾಲದವರು ಅರಳೆಯ ಉಂಡೆಗೆ ಅದ್ದಿ ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದುದು ಒಳ್ಳೆಯ ಉಪಾಯ.

ಶೀಶೆಗೆ ಬಿಸಿಲು, ಬಿಸಿ, ಗಾಳಿ ಮೂರೂ ಆಗದು. ಕಿಟಕಿಯ ಹತ್ತಿರ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಗೀಸರ್ ಇರುವ ಬಚ್ಚಲಿನಲ್ಲಿ ಇಡಬೇಡಿ. ಬೀರುವಿನ ಕೆಳಗಿನ ಖಾನೆಯಲ್ಲಿ, ಡಬ್ಬಿಯೊಳಗೇ ಇಟ್ಟರೆ ಮೂರು ನಾಲ್ಕು ವರ್ಷ ಆರಾಮಾಗಿ ಇರುತ್ತದೆ. ಬಣ್ಣ ತೀರಾ ಕಪ್ಪಾಗಿ, ಹೊಡೆದ ಕೂಡಲೇ ಹುಳಿ ವಾಸನೆ ಬಂದರೆ ಕೆಟ್ಟಿದೆ ಅಂತ ಅರ್ಥ. ವೆನಿಲಾ ಇರುವ ಸೆಂಟು ಮಾತ್ರ ಕೆಡದೆಯೂ ಕಂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಎಸೆಯುವ ಮುಂಚೆ ಒಮ್ಮೆ ಮೂಸಿ ನೋಡಿ.